ಯಾವ ಪ್ರಸಂಗ ಇಷ್ಟ ಹೇಳಿ, ಪುಸ್ತಕ ನಾನು ಹೇಳುತ್ತೇನೆ

(ಕುಂಬಳೆ ಸಮೀಪದ ಒಂದು ಊರ ವಾಚನಾಲಯದಲ್ಲಿ ಜೂನ್ 19ರ ವಾಚನಾ ದಿನದಂದು ಆಡಿದ ಮಾತು. ಟಿಪ್ಪಣಿ ಮತ್ತು ಧ್ವನಿಮುದ್ರಣ ನೋಡಿಕೊಂಡು ಬರೆದದ್ದು.)

ಒಳಗೆ ಬರುವಾಗ ಬಾಗಿಲ ಹತ್ತಿರವೇ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿದರು. "ಎಂತ ಮಾಷ್ಟ್ರೇ, ಇವತ್ತು ಫ್ಯಾಂಟಸಿ ಅಂತೆ? ಅದೆಲ್ಲ ಮಕ್ಕಳ ಕತೆ ಅಲ್ವಾ?" ಅಂತ ಕೇಳಿದರು. ನಾನು ಉತ್ತರ ಕೊಡಲಿಲ್ಲ. ಯಾಕೆಂದರೆ ಅವರನ್ನು ನನಗೆ ಗೊತ್ತುಂಟು. ಕಳೆದ ಫೆಬ್ರವರಿಯಲ್ಲಿ ಗದ್ದೆಯಲ್ಲಿ ನಡೆದ ಯಕ್ಷಗಾನ ಬಯಲಾಟಕ್ಕೆ ರಾತ್ರಿ ಒಂಬತ್ತಕ್ಕೆ ಬಂದು ಬೆಳಗ್ಗೆ ಮಂಗಳ ಹಾಡುವವರೆಗೆ ಕೂತವರು ಅವರು. ಹತ್ತು ತಲೆಯ ರಾಕ್ಷಸ, ಹಾರುವ ರಥ, ಮಾತಾಡುವ ಮಂಗ, ರೂಪ ಬದಲಿಸುವ ಜಿಂಕೆ, ಎಲ್ಲವನ್ನೂ ಕಣ್ಣು ಮಿಟುಕಿಸದೆ ನೋಡಿದವರು. ಹಾಗೆ ನೋಡಿದವರಿಗೆ ಒಂದು ಇಂಗ್ಲಿಷ್ ಪುಸ್ತಕದಲ್ಲಿ ಡ್ರ್ಯಾಗನ್ ಬಂದರೆ ಮಾತ್ರ ಅದು ಮಕ್ಕಳ ಕತೆ ಆಗುವುದು ಹೇಗೆ?

ಇವತ್ತು ನನಗೆ ಹೇಳಲಿಕ್ಕಿರುವುದು ಅಷ್ಟೇ. ನಮ್ಮ ಊರಿನವರಿಗೆ ಫ್ಯಾಂಟಸಿ ಓದಲು ಬೇರೆ ತರಬೇತಿ ಬೇಡ. ಆಟ ನೋಡಿ, ತಾಳಮದ್ದಳೆ ಕೇಳಿ, ತೆಯ್ಯಂ ಕೋಲ ಕಂಡು ಬೆಳೆದವರು ನಾವು. ತರಬೇತಿ ಆಗಿ ಬಹಳ ಕಾಲ ಆಯಿತು. ನಮಗೆ ಬೇಕಾದದ್ದು ಯಾವ ಪುಸ್ತಕ ನಮಗೆ ಹೊಂದುತ್ತದೆ ಅಂತ ಹೇಳುವ ಒಬ್ಬ ಜನ. ಅಂಗಡಿಯ ಪಟ್ಟಿಗಳು ಹೇಳುವುದಿಲ್ಲ, ಅವು ಜಾಸ್ತಿ ಮಾರಾಟ ಆದದ್ದನ್ನು ಹೇಳುತ್ತವೆ ಅಷ್ಟೇ. ನಾನು ಬೇರೆ ಲೆಕ್ಕ ಹಾಕುತ್ತೇನೆ. ನಿಮಗೆ ಯಾವ ಪ್ರಸಂಗ ಇಷ್ಟ ಅಂತ ಹೇಳಿ. ಯಾವ ವೇಷ ರಂಗಸ್ಥಳಕ್ಕೆ ಬಂದರೆ ನಿಮ್ಮ ನಿದ್ದೆ ಬಿಡುತ್ತದೆ ಅಂತ ಹೇಳಿ. ಪುಸ್ತಕ ನಾನು ಹೇಳುತ್ತೇನೆ.

ಮೊದಲು ನನ್ನದೇ ಒಂದು ಪಜೀತಿ ಹೇಳುತ್ತೇನೆ. ಕಾಲೇಜಿಗೆ ಹೋಗುವಾಗ ಒಂದು ಗ್ರಂಥಾಲಯದಲ್ಲಿ ಟೋಲ್ಕಿನ್ ಹೆಸರು ಕಂಡಿತು. ಹೆಸರು ಕೇಳಿದ್ದೆ, ಪುಸ್ತಕ ನೋಡಿರಲಿಲ್ಲ. ದಪ್ಪ ಪುಸ್ತಕ, ಹೆಸರು 'ದ ಟೂ ಟವರ್ಸ್'. ಅದು ಎರಡನೆಯ ಸಂಪುಟ ಅಂತ ನನಗೆ ಗೊತ್ತಿಲ್ಲ. ಮನೆಗೆ ತಂದು ಓದಲು ಕೂತೆ. ಮೊದಲ ಅಧ್ಯಾಯದಲ್ಲೇ ಬೊರೊಮಿರ್ ಅಂತ ಒಬ್ಬ ಮರಕ್ಕೆ ಒರಗಿ ಸಾಯುತ್ತಾನೆ, ಅರಗಾರ್ನ್ ಅಂತ ಇನ್ನೊಬ್ಬ ಅಳುತ್ತಾನೆ, ಶವವನ್ನು ದೋಣಿಯಲ್ಲಿಟ್ಟು ನದಿಗೆ ಬಿಡುತ್ತಾರೆ. ಯಾರು ಸತ್ತದ್ದು? ಯಾಕೆ ಅಳುವುದು? ಒಂದೂ ಗೊತ್ತಾಗಲಿಲ್ಲ. ಆದರೂ ನನ್ನ ಗಂಟಲು ಕಟ್ಟಿತು. ಉಂಗುರ ಹೊತ್ತವನು ಆ ಸಂಪುಟದಲ್ಲಿ ಕಾಣಿಸುವುದು ದ್ವಿತೀಯಾರ್ಧದಲ್ಲಿ, ಹಾಗಾಗಿ ಅರ್ಧ ಪುಸ್ತಕ ಮುಗಿದರೂ ಉಂಗುರದ ಕತೆ ಎಂತ ಅಂತಲೇ ನನಗೆ ತಿಳಿದಿರಲಿಲ್ಲ. ನಡುರಾತ್ರಿಗೆ ಆಟಕ್ಕೆ ಹೋಗಿ ಕೂತ ಹಾಗೆ ಆಯಿತು. ಒಂದೇ ವ್ಯತ್ಯಾಸ, ಆಟದಲ್ಲಾದರೆ ಕತೆ ನಮಗೆ ಮೊದಲೇ ಗೊತ್ತಿರುತ್ತದೆ.

ಆಮೇಲೆ ತಿಳಿಯಿತು, ಟೋಲ್ಕಿನ್ 'ದ ಲಾರ್ಡ್ ಆಫ್ ದ ರಿಂಗ್ಸ್' ಬರೆದದ್ದು ಒಂದೇ ಕತೆಯಾಗಿ. ಯುದ್ಧ ಮುಗಿದ ಕಾಲ, ಕಾಗದ ದುಬಾರಿ, ಹಾಗಾಗಿ ಪ್ರಕಾಶಕರು ಮೂರು ತುಂಡು ಮಾಡಿ 1954 ಮತ್ತು 1955ರಲ್ಲಿ ತಂದರು. ಆದ್ದರಿಂದ ಈ ಪುಸ್ತಕಕ್ಕೆ ಕೈ ಹಾಕುವವರು ಮೂರನ್ನೂ ಹತ್ತಿರ ಇಟ್ಟುಕೊಂಡೇ ಕೂರಿ. ಇನ್ನೊಂದು ಮಾತು. ಮೊದಲ ಸಂಪುಟದ ಆರಂಭ ನಿಧಾನ. ಹಾಬಿಟ್ ಅನ್ನುವ ಸಣ್ಣ ಜನರ ಹುಟ್ಟುಹಬ್ಬ, ಊಟ, ದಾರಿಯಲ್ಲಿ ಹಾಡು, ಟಾಮ್ ಬಾಂಬಡಿಲ್ ಅಂತ ಹಳದಿ ಬೂಟು ಹಾಕಿ ಕುಣಿಯುವ ಒಬ್ಬ ವಿಚಿತ್ರ ಮನುಷ್ಯ. ತುಂಬ ಜನ ಅಲ್ಲಿಯೇ ಪುಸ್ತಕ ಮಡಚುತ್ತಾರೆ. ನಾನು ಹೇಳುವುದು, ಅದು ಪೂರ್ವರಂಗ ಮಾರಾಯ್ರೇ. ಕೋಡಂಗಿ ಕುಣಿಯಬೇಕು, ಬಾಲಗೋಪಾಲರು ಬರಬೇಕು, ಆಮೇಲೆ ಪ್ರಸಂಗ. ಪೂರ್ವರಂಗ ತಪ್ಪಿಸಿ ಹತ್ತು ಗಂಟೆಗೆ ಬರುವವರು ಇದ್ದಾರೆ, ಇರಲಿ. ಆದರೆ ಆ ನಿಧಾನದ ಊರನ್ನು ನೀವು ಪ್ರೀತಿಸದಿದ್ದರೆ ಕೊನೆಗೆ ಆ ಸಣ್ಣ ಜನ ಅಷ್ಟು ದೂರ ನಡೆದದ್ದು ಯಾವುದನ್ನು ಉಳಿಸಲಿಕ್ಕೆ ಅಂತ ಮನಸ್ಸಿಗೆ ತಟ್ಟುವುದಿಲ್ಲ. ಅಷ್ಟು ತಾಳ್ಮೆ ಇಲ್ಲ ಅನ್ನುವವರು 1937ರ 'ದ ಹಾಬಿಟ್' ಹಿಡಿಯಿರಿ, ಸಣ್ಣದು, ಓಡುತ್ತದೆ.

ಟೋಲ್ಕಿನ್ ಬಗ್ಗೆ ನಮ್ಮವರಿಗೆ ಹತ್ತಿರವಾಗುವ ವಿಷಯ ಇನ್ನೊಂದು ಉಂಟು. ಅವರು ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷಿನ ಪ್ರೊಫೆಸರ್. ಮೊದಲು ಹುಟ್ಟಿದ್ದು ಭಾಷೆಗಳು. ಫಿನ್ನಿಷ್ ಭಾಷೆಯ ಸದ್ದಿಗೆ ಮರುಳಾಗಿ ಒಂದು, ವೆಲ್ಷ್ ಭಾಷೆಯ ಸದ್ದಿಗೆ ಮರುಳಾಗಿ ಇನ್ನೊಂದು. ಆಮೇಲೆ ಆ ಭಾಷೆ ಆಡುವ ಜನ ಬೇಕಲ್ಲ, ಅವರಿಗೊಂದು ಲೋಕ ಬೇಕಲ್ಲ ಅಂತ ಕತೆ. ಇದನ್ನು ಬೇರೆ ಊರಿನಲ್ಲಿ ಹೇಳಿದರೆ ಜನ ಹುಬ್ಬು ಏರಿಸುತ್ತಾರೆ. ಇಲ್ಲಿ ಹಾಗಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಮೀನಿನ ಮಾರ್ಕೆಟ್ಟಿನಲ್ಲಿ ಬ್ಯಾರಿ, ಪಕ್ಕದ ಮನೆಯಲ್ಲಿ ಕೊಂಕಣಿಯೋ ಮರಾಠಿಯೋ. ಭಾಷೆ ಬದಲಾದ ಕೂಡಲೇ ಅದೇ ಮನುಷ್ಯ ಬೇರೆ ಮನುಷ್ಯ ಆಗುವುದನ್ನು ನಾವು ದಿನಾ ನೋಡುತ್ತೇವೆ. ನಮ್ಮ ಮಂಜೇಶ್ವರದ ಗೋವಿಂದ ಪೈಗಳೇ ಎಷ್ಟೆಲ್ಲ ಭಾಷೆ ಕಲಿತವರು! ಅವರಿಗೆ ಟೋಲ್ಕಿನ್ ಜೊತೆ ಒಂದು ಮಧ್ಯಾಹ್ನ ಕೂರಿಸಿ ಎರಡು ಲೋಟ ಕಾಫಿ ಕೊಟ್ಟಿದ್ದರೆ ಸಂಜೆಯವರೆಗೆ ಏಳುತ್ತಿರಲಿಲ್ಲ ಅಂತ ನನ್ನ ಊಹೆ.

ಸರಿ, ಪ್ರಸಂಗಕ್ಕೆ ಬರೋಣ.

ಕರ್ಣಪರ್ವ ಇಷ್ಟದವರು ಕೈ ಎತ್ತಿ. ನೋಡಿ, ಅರ್ಧ ಸಭೆ! ನನಗೆ ಗೊತ್ತಿತ್ತು. ನಿಮಗೆ ರಾಬಿನ್ ಹಾಬ್. ಪುಸ್ತಕದ ಹೆಸರು 'ಅಸಾಸಿನ್ಸ್ ಅಪ್ರೆಂಟಿಸ್', 1995. ಹೆಸರು ಕೇಳಿ ಸುಪಾರಿ ಕೊಲೆಯ ಕತೆ ಅಂದುಕೊಳ್ಳಬೇಡಿ. ಯುವರಾಜನಿಗೆ ಮದುವೆಯ ಹೊರಗೆ ಹುಟ್ಟಿದ ಮಗು ಒಂದು. ಆರು ವರ್ಷದವನಿದ್ದಾಗ ತಾಯಿಯ ಅಪ್ಪ ಕೈ ಹಿಡಿದು ತಂದು ಕೋಟೆಯ ಬಾಗಿಲಲ್ಲಿ ಬಿಟ್ಟು ಹೋಗುತ್ತಾನೆ, ಇನ್ನು ನಿಮ್ಮ ಮಗುವನ್ನು ನೀವೇ ಸಾಕಿ ಅಂತ. ಅಪ್ಪ ಅವನ ಮುಖವನ್ನೂ ನೋಡದೆ ಪಟ್ಟದ ಹಕ್ಕು ಬಿಟ್ಟು ದೂರ ಹೋಗುತ್ತಾನೆ. ಮಗುವನ್ನು ಸಾಕುವುದು ಯಾರು? ಕುದುರೆ ಲಾಯ ನೋಡಿಕೊಳ್ಳುವವನು. ಈಗ ಹೇಳಿ, ಸೂತನ ಮನೆಯಲ್ಲಿ ಬೆಳೆದ ಕುಂತಿಯ ಮಗ ನೆನಪಾಗುವುದಿಲ್ವಾ?

ಹುಡುಗನ ಹೆಸರು ಫಿಟ್ಸ್. ಆ ಹೆಸರೇ ಒಂದು ಬೈಗುಳ, ಅಕ್ರಮ ಸಂತಾನ ಅಂತ ಅರ್ಥ. ಅಜ್ಜರಾಜ ಅವನನ್ನು ಗುಟ್ಟಾಗಿ ವಿಷಪ್ರಯೋಗ ಕಲಿಯಲು ಹಾಕುತ್ತಾನೆ. ಅರಮನೆಯ ಅನ್ನ ತಿಂದ ಋಣಕ್ಕೆ ಅರಮನೆಯ ಆಯುಧ ಆಗಬೇಕು. ದುರ್ಯೋಧನ ಕೊಟ್ಟ ಅಂಗರಾಜ್ಯದ ಋಣದ ಬಗ್ಗೆ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಗಂಟೆಗಟ್ಟಲೆ ಮಾತಾಡುತ್ತಾರಲ್ಲ, ಅದೇ ಋಣ, ಅದೇ ಸಂಕಟ. ಹಾಬ್ ಅದನ್ನು ಮೂರು ಪುಸ್ತಕದಲ್ಲಿ ಮಾತಾಡಿದ್ದಾರೆ. ಫಿಟ್ಸ್‌ನ ಬಾಯಲ್ಲೇ ಕತೆ, ಮುದುಕನಾಗಿ ಕೂತು ನೆನಪಿಸಿಕೊಂಡು ಹೇಳುವ ಹಾಗೆ. ಯುದ್ಧ ಕಡಿಮೆ, ನೋವು ಜಾಸ್ತಿ. ಮತ್ತೆ ನಾಯಿ. ಅವನಿಗೆ ಪ್ರಾಣಿಗಳ ಮನಸ್ಸಿನೊಂದಿಗೆ ಮನಸ್ಸು ಬೆರೆಸುವ ಶಕ್ತಿ ಉಂಟು, ಆ ಊರಿನವರು ಅದನ್ನು ಹೇಸಿಗೆ ಅಂತ ತಿಳಿಯುತ್ತಾರೆ. ನಾಯಿ ಸಾಕಿದವರು ಎಚ್ಚರಿಕೆಯಿಂದ ಓದಿ. ನಾನು ಒಂದು ಕಡೆ ಪುಸ್ತಕ ಮುಚ್ಚಿಟ್ಟು ಅಂಗಳಕ್ಕೆ ಹೋಗಿ ನಮ್ಮ ಮನೆಯ ನಾಯಿಯ ಹತ್ತಿರ ಸುಮ್ನೆ ಕೂತು ಬಂದೆ.

ಆ ಮೂರರಲ್ಲಿ ನಿಲ್ಲಿಸಬಹುದು. ನಿಲ್ಲಿಸಲು ಆಗದವರಿಗೆ ಅದೇ ಲೋಕದ ಕತೆ ಒಟ್ಟು 16 ಪುಸ್ತಕಗಳವರೆಗೆ ಹೋಗುತ್ತದೆ, 2017ಕ್ಕೆ ಮುಗಿದಿದೆ. ಮುಗಿದಿದೆ ಅನ್ನುವುದನ್ನು ಯಾಕೆ ಒತ್ತಿ ಹೇಳಿದೆ ಅಂತ ಆಮೇಲೆ ಹೇಳುತ್ತೇನೆ.

ಪ್ರಹ್ಲಾದ ಚರಿತ್ರೆಗೆ ಯಾರು? ಹಿಂದೆ ಕೂತ ಹುಡುಗರು. ಒಳ್ಳೆಯದು. ನಿಮಗೊಂದು ಪ್ರಶ್ನೆ. ಹಿರಣ್ಯಕಶಿಪು ಕೇಳಿದ ವರ ಎಂತ? ಮನುಷ್ಯನಿಂದ ಇಲ್ಲ, ಮೃಗದಿಂದ ಇಲ್ಲ. ಒಳಗೆ ಇಲ್ಲ, ಹೊರಗೆ ಇಲ್ಲ. ಹಗಲು ಇಲ್ಲ, ರಾತ್ರಿ ಇಲ್ಲ. ನೆಲದಲ್ಲಿ ಇಲ್ಲ, ಆಕಾಶದಲ್ಲಿ ಇಲ್ಲ. ಆಯುಧದಿಂದ ಇಲ್ಲ. ಎಲ್ಲ ಬಾಗಿಲಿಗೂ ಬೀಗ ಹಾಕಿದ. ನರಸಿಂಹ ಬಂದು ಆ ನಿಯಮಗಳಲ್ಲಿ ಒಂದನ್ನೂ ಮುರಿಯಲಿಲ್ಲ ನೋಡಿ. ಹೊಸ್ತಿಲು, ಮುಸ್ಸಂಜೆ, ತೊಡೆ, ಉಗುರು. ನಿಯಮದ ಒಳಗೇ ದಾರಿ ಹುಡುಕಿದ. ದೇವರಲ್ವಾ, ಸುಮ್ನೆ ವರವನ್ನೇ ರದ್ದು ಮಾಡಬಹುದಿತ್ತು. ಮಾಡಿದ್ದರೆ ಅದು ಕತೆಯೇ ಅಲ್ಲ.

ಈಗಿನ ಫ್ಯಾಂಟಸಿಯಲ್ಲಿ ಈ ಲೆಕ್ಕಾಚಾರದ ದೊಡ್ಡ ಆಸಾಮಿ ಬ್ರಾಂಡನ್ ಸ್ಯಾಂಡರ್ಸನ್. ಮಾಯೆಯಿಂದ ಒಂದು ಕಷ್ಟ ಬಗೆಹರಿಯಬೇಕಾದರೆ ಆ ಮಾಯೆಯ ನಿಯಮ ಓದುಗನಿಗೆ ಮೊದಲೇ ಗೊತ್ತಿರಬೇಕು ಅಂತ ಅವರ ವಾದ. ಅವರ 'ಮಿಸ್ಟ್‌ಬಾರ್ನ್' ಮೂರು ಪುಸ್ತಕ, 2006ರಿಂದ 2008. ಅಲ್ಲಿ ಕೆಲವರು ಲೋಹದ ಚೂರು ನುಂಗಿ ಹೊಟ್ಟೆಯಲ್ಲಿ ಉರಿಸುತ್ತಾರೆ. ತವರ ಉರಿಸಿದರೆ ಕಣ್ಣು ಕಿವಿ ಚುರುಕು. ಕಬ್ಬಿಣ ಉರಿಸಿದರೆ ಲೋಹದ ವಸ್ತುವನ್ನು ತನ್ನ ಕಡೆಗೆ ಎಳೆಯಬಹುದು, ಉಕ್ಕು ಉರಿಸಿದರೆ ದೂಡಬಹುದು. ಆದರೆ ದೂಡಿದ್ದು ನಿನಗಿಂತ ಭಾರ ಇದ್ದರೆ? ಅದು ಅಲ್ಲಾಡುವುದಿಲ್ಲ, ನೀನೇ ಹಿಂದಕ್ಕೆ ಹಾರುತ್ತೀ. ಒಂದು ನಾಣ್ಯ ನೆಲಕ್ಕೆ ಎಸೆದು ಅದನ್ನು ದೂಡಿದರೆ ನೀನು ಮೇಲಕ್ಕೆ. ಹೀಗೆ ಊರಿಡೀ ಮಾಡಿನ ಮೇಲೆ ಹಾರಾಡುತ್ತಾರೆ. ಫಿಸಿಕ್ಸ್ ಕಲಿಸುವ ನನ್ನ ಸಹೋದ್ಯೋಗಿಯೊಬ್ಬರಿಗೆ ಕೊಟ್ಟೆ, ಅವರು ಕತೆ ಬಿಟ್ಟು ಲೆಕ್ಕ ಹಾಕಲು ಶುರುಮಾಡಿದರು. ಕತೆಯೂ ಚೆನ್ನಾಗಿದೆ: ಒಳ್ಳೆಯವರು ಸೋತು ಸಾವಿರ ವರ್ಷ ಆಗಿದೆ, ಆಕಾಶದಿಂದ ಬೂದಿ ಬೀಳುತ್ತದೆ, ದೇವರಂತೆ ಆಳುವ ಚಕ್ರವರ್ತಿಯ ಖಜಾನೆಗೆ ಕನ್ನ ಹಾಕಲು ಒಂದು ಕಳ್ಳರ ಗುಂಪು ಹೊರಡುತ್ತದೆ. ಇಂಗ್ಲಿಷ್ ಸರಳ. ಪ್ಲಸ್ ಟೂ ಮಕ್ಕಳಿಗೆ ನಾನು ಮೊದಲು ಕೊಡುವುದು ಇದನ್ನೇ. ಒಂದು ದೂರು: ಮಾತುಗಾರಿಕೆ ಸಪ್ಪೆ. ತಾಳಮದ್ದಳೆ ಕೇಳಿದ ಕಿವಿಗೆ ಅದು ಗೊತ್ತಾಗಿಯೇ ಆಗುತ್ತದೆ.

ಇನ್ನು ಹಾಸ್ಯಗಾರ. ನನ್ನ ಪ್ರಕಾರ ಇಡೀ ಮೇಳದಲ್ಲಿ ಬುದ್ಧಿ ಜಾಸ್ತಿ ಬೇಕಾದದ್ದು ಅವನಿಗೆ. ದೇವೇಂದ್ರನ ಎದುರೇ ನಿಂತು ದೇವೇಂದ್ರನಿಗೆ ತಮಾಷೆ ಮಾಡುವ ಸ್ವಾತಂತ್ರ್ಯ ಬೇರೆ ಯಾರಿಗುಂಟು? ಹಾಸ್ಯಗಾರ ಬಂದಾಗ ಎದ್ದು ಕೂರುವವರಿಗೆ ಟೆರಿ ಪ್ರಾಚೆಟ್. 'ಡಿಸ್ಕ್‌ವರ್ಲ್ಡ್' ಅಂತ 41 ಕಾದಂಬರಿ, 1983ರಿಂದ 2015ರವರೆಗೆ. ಚಪ್ಪಟೆ ಭೂಮಿ, ಅದನ್ನು ಹೊತ್ತ ಆನೆಗಳು, ಆನೆಗಳನ್ನು ಹೊತ್ತ ಆಮೆ. ನಮಗೆ ಹೊಸತಲ್ಲ! ನಮ್ಮಲ್ಲಿ ಎಂಟು ದಿಕ್ಕಿಗೆ ಎಂಟು ಆನೆ, ಅವರು ನಾಲ್ಕರಲ್ಲೇ ಸುಧಾರಿಸಿದ್ದಾರೆ ಅಷ್ಟೇ.

41 ಅಂತ ಹೆದರಬೇಡಿ, ಕ್ರಮವಾಗಿ ಓದಬೇಕಾಗಿಲ್ಲ. ಮೊದಲ ಎರಡರಿಂದ ಶುರು ಮಾಡಲೇಬೇಡಿ, ಅವು ಇನ್ನೂ ಕೈ ಕುದುರದ ಕಾಲದವು. 'ಗಾರ್ಡ್ಸ್! ಗಾರ್ಡ್ಸ್!' ಹಿಡಿಯಿರಿ. ಒಂದು ಕೊಳಕು ನಗರ, ಅದರ ರಾತ್ರಿ ಪಹರೆಯ ನಾಲ್ಕು ಕೆಲಸಕ್ಕೆ ಬಾರದ ಪೊಲೀಸರು, ಒಂದು ಡ್ರ್ಯಾಗನ್. ಇಲ್ಲದಿದ್ದರೆ 'ಸ್ಮಾಲ್ ಗಾಡ್ಸ್', 1992. ಅದರಲ್ಲಿ ಒಬ್ಬ ಮಹಾದೇವರು ಭೂಮಿಗೆ ಬಂದಾಗ ಗೂಳಿಯೋ ಸಿಂಹವೋ ಆಗಬೇಕು ಅಂದುಕೊಂಡವನು ಸಣ್ಣ ಆಮೆಯಾಗಿ ಸಿಕ್ಕಿಹಾಕಿಕೊಳ್ಳುತ್ತಾನೆ. ಯಾಕೆ? ಗುಡಿ ಉಂಟು, ಪೂಜಾರಿಗಳುಂಟು, ಸೈನ್ಯ ಉಂಟು, ಆದರೆ ಮನಸ್ಸಿಟ್ಟು ನಂಬುವವನು ಇಡೀ ರಾಜ್ಯದಲ್ಲಿ ಒಬ್ಬನೇ ಉಳಿದಿದ್ದಾನೆ. ತೋಟದಲ್ಲಿ ಕಳೆ ಕೀಳುವ ಒಬ್ಬ ಪೆದ್ದ ಹುಡುಗ. ಅದನ್ನು ಓದುವಾಗ ನನಗೆ ಅನಂತಪುರದ ಕೆರೆಯ ಬಬಿಯ ನೆನಪಾಯಿತು. 2022ರಲ್ಲಿ ಅದು ಸತ್ತ ದಿನ ಎಷ್ಟು ಜನ ಬಂದಿದ್ದರು! ಒಂದು ಮೊಸಳೆಗೆ ಅಷ್ಟು ಜನ ಕೈ ಮುಗಿಯುವುದನ್ನು ಕಂಡವರಿಗೆ ಆಮೆಯಾದ ದೇವರು ಹಾಸ್ಯವಾಗಿಯೂ ಕಾಣುತ್ತಾನೆ, ಹಾಸ್ಯ ಅಲ್ಲದೆಯೂ ಕಾಣುತ್ತಾನೆ.

ಪ್ರಾಚೆಟ್ ಪುಸ್ತಕಗಳಲ್ಲಿ ಸಾವು ಒಂದು ಪಾತ್ರ. ಅವನ ಮಾತೆಲ್ಲ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಅಚ್ಚಾಗುತ್ತದೆ. ಕನ್ನಡಕ್ಕೆ ತಂದರೆ ಎಂತ ಮಾಡುವುದು ಅಂತ ಒಂದು ವಾರ ತಲೆ ಕೆಡಿಸಿಕೊಂಡಿದ್ದೆ, ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಇಲ್ಲವಲ್ಲ. ಆಮೇಲೆ ಹೊಳೆಯಿತು. ನಮ್ಮಲ್ಲಿ ಅಕ್ಷರ ಇಲ್ಲದಿದ್ದರೂ ಸ್ವರ ಉಂಟು. ತೆರೆಯ ಹಿಂದಿನಿಂದ ಬಣ್ಣದ ವೇಷದ ಆರ್ಭಟೆ ಬರುತ್ತದಲ್ಲ, ದೀವಟಿಗೆಗೆ ರಾಳದ ಪುಡಿ ಎರಚುವ ಮೊದಲು, ಮುಖ ಇನ್ನೂ ಕಾಣದೆ ಇರುವಾಗ, ಅದೇ ಆ ದೊಡ್ಡಕ್ಷರ. ಅನುವಾದ ಮಾಡಲು ಇಷ್ಟ ಇರುವ ಮಕ್ಕಳು ಯಾರಾದರೂ ಇಲ್ಲಿದ್ದರೆ ನೆನಪಿಟ್ಟುಕೊಳ್ಳಿ.

ಬಣ್ಣದ ವೇಷವೇ ಇಷ್ಟ, ರಾಕ್ಷಸನ ಕಡೆಯಿಂದ ಕತೆ ಬೇಕು ಅನ್ನುವವರಿಗೆ ಜಾನ್ ಗಾರ್ಡ್‌ನರ್ ಅವರ 'ಗ್ರೆಂಡೆಲ್', 1971. ತೆಳು ಪುಸ್ತಕ. ಹಳೆಯ ಇಂಗ್ಲಿಷ್ ಕಾವ್ಯದ ರಾಕ್ಷಸ ತನ್ನ ಕತೆಯನ್ನು ತಾನೇ ಹೇಳುತ್ತಾನೆ. ಕಷ್ಟದ ಓದು, ಆದರೆ ಸಣ್ಣದು.

ಇನ್ನೊಂದು ಪುಸ್ತಕಕ್ಕೆ ಹೊಂದುವ ಪ್ರಸಂಗ ನನಗೆ ಸಿಗಲಿಲ್ಲ. ಅದಕ್ಕೆ ಹೊಂದುವುದು ಈ ಊರೇ.

ಗಯ್ ಗೇವ್ರಿಯಲ್ ಕೇ ಅಂತ ಕೆನಡಾದ ಲೇಖಕ. ಹುಡುಗನಾಗಿದ್ದಾಗ ಟೋಲ್ಕಿನ್ ಅವರ ಮಗನ ಜೊತೆ ಕೂತು, ಟೋಲ್ಕಿನ್ ಬಿಟ್ಟುಹೋದ ಹಸ್ತಪ್ರತಿಗಳಿಂದ 'ದ ಸಿಲ್ಮರಿಲಿಯನ್' ಸಂಪಾದಿಸಲು ಸಹಾಯ ಮಾಡಿದವರು. ಅವರು 1990ರಲ್ಲಿ 'ಟಿಗಾನಾ' ಬರೆದರು. ಒಂದೇ ಸಂಪುಟ, ಮುಂದಿನ ಭಾಗ ಇಲ್ಲ, ಕಾಯುವ ತೊಂದರೆ ಇಲ್ಲ. ಕತೆ ಹೀಗೆ. ಒಬ್ಬ ಮಾಂತ್ರಿಕ ರಾಜ ದಂಡೆತ್ತಿ ಬರುತ್ತಾನೆ. ಟಿಗಾನಾ ಅಂತ ಒಂದು ಪ್ರಾಂತ್ಯ ಅವನನ್ನು ಎದುರಿಸುತ್ತದೆ. ಆ ಯುದ್ಧದಲ್ಲಿ ಅವನ ಮಗ ಸಾಯುತ್ತಾನೆ. ಮಗ ಸತ್ತ ಸಂಕಟದಲ್ಲಿ ಅವನು ಆ ಪ್ರಾಂತ್ಯವನ್ನು ಗೆಲ್ಲುವುದು ಮಾತ್ರವಲ್ಲ, ಅದರ ಹೆಸರನ್ನೇ ಅಳಿಸುವ ಮಂತ್ರ ಹಾಕುತ್ತಾನೆ. ಆಮೇಲೆ ಟಿಗಾನಾ ಅಂತ ಯಾರಾದರೂ ಹೇಳಿದರೆ ಬೇರೆಯವರಿಗೆ ಕೇಳಿಸುವುದಿಲ್ಲ. ಬಾಯಿ ಅಲ್ಲಾಡುವುದು ಕಾಣುತ್ತದೆ, ಸದ್ದೂ ಬರುತ್ತದೆ, ಹೆಸರು ಕಿವಿಯಲ್ಲಿ ನಿಲ್ಲುವುದಿಲ್ಲ. ಕೇಳಿಸುವುದು ಮಂತ್ರ ಹಾಕುವ ಮೊದಲು ಅಲ್ಲಿ ಹುಟ್ಟಿದವರಿಗೆ ಮಾತ್ರ. ಆ ತಲೆಮಾರು ತೀರಿಕೊಂಡ ದಿನ ಆ ಹೆಸರು ಇಲ್ಲ. ಪ್ರಾಂತ್ಯಕ್ಕೆ ಈಗ ಪಕ್ಕದ ಊರಿನ ಹೆಸರೇ ಹಚ್ಚಿದ್ದಾರೆ, ಅದರ ಕೆಳಭಾಗ ಅಂತ.

ಈ ಪುಸ್ತಕವನ್ನು ನಾನು ಓದಿದ್ದು ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ರೈಲಿನಲ್ಲಿ. ಕಿಟಕಿಯ ಹೊರಗೆ ಒಂದೊಂದೇ ಹೆಸರಿನ ಹಲಗೆ ಹಿಂದಕ್ಕೆ ಹೋಗುತ್ತಿತ್ತು. ನೀವೇ ಯೋಚಿಸಿ. ನಾವು ಮಂಜೇಶ್ವರ ಅಂದರೆ ಹಲಗೆಯಲ್ಲಿ ಮಂಜೇಶ್ವರಂ. ಕುಂಬಳೆ ಅಂದರೆ ಕುಂಬ್ಳ. ಹೊಸದುರ್ಗ ಅಂತ ಹೇಳಿದರೆ ನನ್ನ ಮಗಳ ಗೆಳತಿಯರಿಗೆ ಯಾವ ಊರು ಅಂತಲೇ ಗೊತ್ತಾಗುವುದಿಲ್ಲ, ಪುದಿಯಕೋಟ ಅಂದರೆ ಗೊತ್ತಾಗುತ್ತದೆ. ಎರಡಕ್ಕೂ ಅರ್ಥ ಒಂದೇ ಅನ್ನುವುದು ತಮಾಷೆ, ಹೊಸ ಕೋಟೆ! 1956ರ ನವೆಂಬರ್ 1ರಂದು ನಮ್ಮ ಹಿರಿಯರು ಮಲಗಿ ಎದ್ದಾಗ ಮನೆ ಅಲ್ಲೇ ಇತ್ತು, ಬಾವಿ ಅಲ್ಲೇ ಇತ್ತು, ರಾಜ್ಯ ಮಾತ್ರ ಬೇರೆ. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕೇರಳದಿಂದ ಆಚೆ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ ಸೇರಬೇಕು ಅಂದಿತು, ಅದು ಕಾಗದದಲ್ಲೇ ಉಳಿಯಿತು. ಇದನ್ನೆಲ್ಲ ಮಲಯಾಳದವರ ಮೇಲೆ ಸಿಟ್ಟಿನಿಂದ ಹೇಳುತ್ತಿಲ್ಲ. ನನ್ನ ಹತ್ತಿರದ ಗೆಳೆಯರಲ್ಲಿ ಅರ್ಧ ಜನ ಮಲಯಾಳದವರು. ಇವತ್ತು ನಾವು ಆಚರಿಸುವ ವಾಚನಾ ದಿನ ಕೂಡ ಕೇರಳದಲ್ಲಿ ಊರೂರಿಗೆ ವಾಚನಾಲಯ ಕಟ್ಟಿಸಿದ ಪಿ. ಎನ್. ಪಣಿಕ್ಕರ್ ಅವರು ತೀರಿಕೊಂಡ ದಿನ, ಅವರಿಲ್ಲದೆ ಇದ್ದರೆ ಈ ಕಟ್ಟಡವೂ ಇಲ್ಲಿ ಇರುತ್ತಿತ್ತೋ ಇಲ್ಲವೋ.

ಕೇ ಕೂಡ ಸಿಟ್ಟಿನಿಂದ ಬರೆಯುವುದಿಲ್ಲ, ಅದೇ ಈ ಪುಸ್ತಕದ ಹೆಚ್ಚುಗಾರಿಕೆ. ಹೆಸರು ಅಳಿಸಿದ ರಾಜ ರಾಕ್ಷಸ ಅಲ್ಲ. ಸಂಗೀತ ಅಂದರೆ ಪ್ರಾಣ, ಮಗನ ಸಾವಿನಿಂದ ಚೇತರಿಸಿಕೊಳ್ಳದ ಅಪ್ಪ. ಅವನನ್ನು ಕೊಲ್ಲುತ್ತೇನೆ ಅಂತ ಶಪಥ ಮಾಡಿ ಟಿಗಾನಾದ ಹೆಣ್ಣೊಬ್ಬಳು ಹೆಸರು ಮುಚ್ಚಿಟ್ಟು ಅವನ ಅಂತಃಪುರ ಸೇರುತ್ತಾಳೆ, ವರ್ಷಗಳು ಕಳೆಯುತ್ತವೆ, ಕೊಲ್ಲಲು ಆಗುವುದಿಲ್ಲ, ಪ್ರೀತಿಸುತ್ತಾಳೆ. ಊರಿಗೆ ನಿಷ್ಠೆಯೋ ಮನಸ್ಸಿಗೋ? ವಾಲಿವಧೆಯಲ್ಲಿ ಬಾಣ ತಿಂದು ಬಿದ್ದ ವಾಲಿ ರಾಮನಿಗೆ ಪ್ರಶ್ನೆ ಹಾಕುವಾಗ ಸಭೆ ಇಬ್ಭಾಗ ಆಗುತ್ತದಲ್ಲ, ಮನೆಗೆ ಹೋಗುವ ದಾರಿಯಲ್ಲೂ ಜಗಳ ಮುಗಿಯುವುದಿಲ್ಲ. ಇದೂ ಹಾಗೆ. ನಾನೂ ನನ್ನ ಹೆಂಡತಿಯೂ ಆ ಹೆಂಗಸಿನ ವಿಷಯದಲ್ಲಿ ಇನ್ನೂ ರಾಜಿ ಆಗಿಲ್ಲ.

ಹೆಸರಿನ ಮಾತು ಬಂದ ಮೇಲೆ ಉರ್ಸುಲಾ ಲೆಗ್ವಿನ್ ಅವರನ್ನು ಬಿಡಲಾಗುವುದಿಲ್ಲ. 'ಎ ವಿಝರ್ಡ್ ಆಫ್ ಅರ್ಥ್‌ಸೀ', 1968. ದ್ವೀಪಗಳ ಲೋಕ. ಪ್ರತಿಯೊಂದು ವಸ್ತುವಿಗೂ ಒಂದು ನಿಜನಾಮ, ಅದು ಗೊತ್ತಿದ್ದವನಿಗೆ ಅದರ ಮೇಲೆ ಹಿಡಿತ. ಆದ್ದರಿಂದ ಮನುಷ್ಯರು ತಮ್ಮ ನಿಜವಾದ ಹೆಸರನ್ನು ಯಾರಿಗೂ ಹೇಳುವುದಿಲ್ಲ, ಕರೆಯಲು ಬೇರೆ ಹೆಸರು. ನಮ್ಮಲ್ಲಿಯೂ ಜಾತಕದ ಹೆಸರು ಒಂದು, ಶಾಲೆಯ ಹೆಸರು ಒಂದು, ಮನೆಯಲ್ಲಿ ಕರೆಯುವುದು ಅಪ್ಪಿ, ಪುಟ್ಟ. ಜಾತಕದ ಹೆಸರು ಹೊರಗೆ ಹೇಳಬಾರದು ಅಂತ ನನ್ನ ಅಜ್ಜಿ ಹೇಳುತ್ತಿದ್ದರು, ಲೆಗ್ವಿನ್ ಓದದೆಯೇ. ಕತೆ ಸರಳ: ಗೆಡ್ ಅನ್ನುವ ಹುಡುಗ ಹಟಕ್ಕೆ ಬಿದ್ದು ಮಾಡಬಾರದ ಮಂತ್ರ ಮಾಡಿ ಒಂದು ನೆರಳನ್ನು ಲೋಕಕ್ಕೆ ಬಿಡುತ್ತಾನೆ, ಅದು ಅವನನ್ನು ಅಟ್ಟಿಸಿಕೊಂಡು ಬರುತ್ತದೆ. ಪುಸ್ತಕ ಇನ್ನೂರು ಪುಟದ ಆಚೀಚೆ, ಎರಡು ಮಳೆ ಸಂಜೆಗೆ ಸಾಕು. ಆ ಲೋಕದ ಹೆಚ್ಚಿನವರು ಕಂದು, ಕಪ್ಪು ಬಣ್ಣದವರು, ಗೆಡ್ ಕೂಡ. ಟೀವಿಯವರು 2004ರಲ್ಲಿ ಅವನನ್ನು ಬಿಳಿಯ ಮಾಡಿದರು, ಲೆಗ್ವಿನ್ ಬಹಿರಂಗವಾಗಿಯೇ ತರಾಟೆಗೆ ತೆಗೆದುಕೊಂಡರು. ಮುಂದಿನ ಭಾಗಗಳನ್ನೂ ಓದಿ, ಅದರಲ್ಲೂ ನಾಲ್ಕನೆಯದು 'ತೆಹಾನು', 1990. ಮಾಂತ್ರಿಕರ ಕತೆ ಹೇಳುತ್ತಾ ಬಂದ ಲೇಖಕಿ, ಇಷ್ಟು ದಿನ ಅಡಿಗೆಮನೆಯಲ್ಲಿದ್ದ ಹೆಂಗಸರು ಎಂತ ಮಾಡುತ್ತಿದ್ದರು ಅಂತ ತಿರುಗಿ ನೋಡಿದ ಪುಸ್ತಕ ಅದು.

ಉಳಿದದ್ದನ್ನು ಬೇಗ ಹೇಳುತ್ತೇನೆ, ಮೋಡ ಕಟ್ಟಿದೆ, ಕರೆಂಟು ಹೋಗುವ ಲಕ್ಷಣ ಉಂಟು.

ನಮ್ಮ ಕಡೆಯ ಹೆಸರುಗಳಿರುವ ಪುಸ್ತಕ ಬೇಕು ಅಂತ ಹುಡುಗಿಯರು ಕೇಳುತ್ತಾರೆ. ತಾಶಾ ಸೂರಿ ಅವರ 'ದ ಜಾಸ್ಮಿನ್ ಥ್ರೋನ್', 2021. ಸೆರೆಯಲ್ಲಿಟ್ಟ ರಾಜಕುಮಾರಿ ಮಾಲಿನಿ, ಅವಳ ಸೇವೆಗೆ ಬರುವ ಪ್ರಿಯಾ. ಮೂರು ಭಾಗ, ಪೂರ್ತಿಯಾಗಿದೆ. ಸುಸನ್ನಾ ಕ್ಲಾರ್ಕ್ ಅವರ 'ಪಿರನೇಸಿ', 2020: ಕೊನೆ ಇಲ್ಲದ ಮನೆ, ಸಾವಿರಾರು ಮೂರ್ತಿಗಳು, ಕೆಳಗಿನ ಅಂಕಣಗಳಲ್ಲಿ ಸಮುದ್ರದ ಭರತ ಇಳಿತ, ಅದರಲ್ಲಿ ಒಬ್ಬ ಮನುಷ್ಯ ದಿನಚರಿ ಬರೆಯುತ್ತಾ ಇದ್ದಾನೆ. ಫ್ಯಾಂಟಸಿ ನನಗಾಗದು ಅನ್ನುವ ದೊಡ್ಡವರಿಗೆ ನಾನು ಕೊಡುವುದು ಇದನ್ನು. ಹೆಚ್ಚು ಹೇಳಿದರೆ ರುಚಿ ಕೆಡುತ್ತದೆ. ಜೆಮಿಸಿನ್ ಅವರ 'ದ ಫಿಫ್ತ್ ಸೀಸನ್' ಮತ್ತು ಅದರ ಮುಂದಿನ ಎರಡು ಭಾಗಗಳಿಗೆ 2016, 17, 18, ಸಾಲಾಗಿ ಮೂರು ವರ್ಷ ಹ್ಯೂಗೋ ಪ್ರಶಸ್ತಿ ಬಂತು. ದೊಡ್ಡ ಪುಸ್ತಕ, ಆದರೆ ಒಂದು ಮಗುವಿನ ಸಾವಿನಿಂದ ಶುರುವಾಗುತ್ತದೆ, ಮನಸ್ಸು ಗಟ್ಟಿ ಇದ್ದಾಗ ಓದಿ. ಸಣ್ಣ ಮಕ್ಕಳಿಗೂ ಅಜ್ಜಿಯರಿಗೂ ಡಯಾನಾ ವಿನ್ ಜೋನ್ಸ್ ಅವರ 'ಹೌಲ್ಸ್ ಮೂವಿಂಗ್ ಕಾಸಲ್', 1986. ಟೊಪ್ಪಿ ಅಂಗಡಿಯ ಹುಡುಗಿ ಮಾಟಗಾತಿಯ ಶಾಪದಿಂದ ಒಮ್ಮೆಲೇ ಮುದುಕಿಯಾಗುತ್ತಾಳೆ, ಮುದುಕಿಯಾದ ಮೇಲೆ ಅವಳಿಗೆ ಬಾಯಿ ಬರುತ್ತದೆ.

ಈಗ ಮುಗಿದ, ಮುಗಿಯದ ವಿಷಯ. ಕೃಷ್ಣಸಂಧಾನ ಇಷ್ಟದವರಿಗೆ, ರಾಜಕೀಯದ ಮಾತು, ಒಳಸಂಚು, ಯಾರು ಯಾವ ಕಡೆ ಅಂತ ಲೆಕ್ಕ ಬೇಕಾದವರಿಗೆ ಜಾರ್ಜ್ ಮಾರ್ಟಿನ್ ಬಿಟ್ಟರೆ ಇಲ್ಲ. ಆದರೆ 'ಎ ಗೇಮ್ ಆಫ್ ಥ್ರೋನ್ಸ್' ಬಂದದ್ದು 1996ರಲ್ಲಿ, ಐದನೆಯ ಪುಸ್ತಕ 2011ರಲ್ಲಿ, ಆರನೆಯದಕ್ಕೆ ಜನ ಇನ್ನೂ ಕಾಯುತ್ತಿದ್ದಾರೆ. ಪ್ಯಾಟ್ರಿಕ್ ರಾಥ್‌ಫಸ್ ಅವರದ್ದೂ ಅದೇ ಕತೆ, ಮೂರರಲ್ಲಿ ಎರಡು ಬಂತು, ಎರಡನೆಯದು 2011ರಲ್ಲಿ. ಬೆಳಕು ಹರಿದರೂ ಮಂಗಳ ಹಾಡದ ಆಟ. ಚಾಪೆ ಮಡಚುವುದೋ ಕೂರುವುದೋ ಗೊತ್ತಾಗುವುದಿಲ್ಲ. ಓದಬೇಡಿ ಅಂತ ಹೇಳುವುದಿಲ್ಲ, ಗೊತ್ತಿದ್ದು ಓದಿ. ಇನ್ನೊಂದು ಕಡೆ ರಾಬರ್ಟ್ ಜೋರ್ಡನ್ ಅವರ 'ದ ವೀಲ್ ಆಫ್ ಟೈಮ್'. 1990ರಲ್ಲಿ ಶುರು. ಕಾಲ ಚಕ್ರದ ಹಾಗೆ ತಿರುಗುತ್ತದೆ, ಯುಗಗಳು ಬಂದು ಹೋಗಿ ಮತ್ತೆ ಬರುತ್ತವೆ ಅಂತ ಮೊದಲ ಸಾಲಿನಲ್ಲೇ ಹೇಳುತ್ತಾರೆ, ನಮಗೆ ವಿವರಣೆ ಬೇಡ. ಅವರು 2007ರಲ್ಲಿ ತೀರಿಕೊಂಡರು, ಕತೆ ಮುಗಿದಿರಲಿಲ್ಲ. ಟಿಪ್ಪಣಿ ಬಿಟ್ಟಿದ್ದರು. ಅವರ ಹೆಂಡತಿ, ಅವರೇ ಸಂಪಾದಕಿ ಕೂಡ, ಆಗ ಇನ್ನೂ ಹೊಸಬನಾಗಿದ್ದ ಸ್ಯಾಂಡರ್ಸನ್‌ಗೆ ಒಪ್ಪಿಸಿದರು. 2013ರಲ್ಲಿ 14ನೆಯ ಸಂಪುಟಕ್ಕೆ ಮುಗಿಯಿತು. ಭಾಗವತರ ಸ್ವರ ನಿಂತಾಗ ಹಿಂದೆ ಕೂತಿದ್ದ ಇನ್ನೊಬ್ಬ ಜಾಗಟೆ ತೆಗೆದುಕೊಂಡು ಪದ ಎತ್ತಿದ ಹಾಗೆ. ಸ್ವರ ಬೇರೆ ಅಂತ ಗೊತ್ತಾಗುತ್ತದೆ, ತಾಳ ತಪ್ಪಲಿಲ್ಲ. ನಡುವಿನ ಎರಡು ಮೂರು ಸಂಪುಟ ಎಳೆಯುತ್ತದೆ ಅನ್ನುವುದು ನಿಜ, ಅಲ್ಲಿ ಒಂದು ಚಾ ಕುಡಿದು ಬರಬಹುದು.

"ಕನ್ನಡದಲ್ಲಿ ಎಂತ ಇಲ್ವಾ?" ಅಂತ ಅಲ್ಲಿ ಒಬ್ಬ ಅಕ್ಕ ಕೇಳಿದರು. ಇದೆ. ಚಂದ್ರಶೇಖರ ಕಂಬಾರರ ಶಿವಾಪುರ ಯಾವ ನಕ್ಷೆಯಲ್ಲೂ ಸಿಗದ ಊರು, ಪುಸ್ತಕದಿಂದ ಪುಸ್ತಕಕ್ಕೆ ಬೆಳೆದದ್ದು. 'ಶಿಖರಸೂರ್ಯ' ಓದಿ. ಅದನ್ನು ಯಾರೂ ಫ್ಯಾಂಟಸಿ ಅಂತ ಕರೆದು ಮಾರುವುದಿಲ್ಲ, ಅದಕ್ಕೇ ನಿಮಗೆ ಗೊತ್ತಾಗುವುದಿಲ್ಲ. ನನ್ನ ಪ್ರಾಯದವರಿಗೆ ಚಂದಮಾಮದ ಧಾರಾವಾಹಿಗಳು ನೆನಪಿರಬಹುದು. ಮತ್ತೆ ಮಲಯಾಳ ಓದಲು ಬರುವವರು, ಇಲ್ಲಿ ಹೆಚ್ಚಿನವರಿಗೆ ಬರುತ್ತದೆ, ಕೊಟ್ಟಾರತ್ತಿಲ್ ಶಂಕುಣ್ಣಿಯವರ 'ಐತಿಹ್ಯಮಾಲ' ಬಿಡಬೇಡಿ. 1909ರಿಂದ ಎಂಟು ಭಾಗಗಳಾಗಿ ಬಂದದ್ದು. ಯಕ್ಷಿಯನ್ನೇ ಪಳಗಿಸುವ ಕಡಮಟ್ಟತ್ ಪಾದ್ರಿಯ ಕತೆ ಅದರಲ್ಲಿ ಉಂಟು. ಎರಡು ಭಾಷೆ ಬರುವವರಿಗೆ ಎರಡು ಕಪಾಟು, ಅದು ನಮಗೆ ಸಿಕ್ಕಿದ ಲಾಭ.

ಇಂಗ್ಲಿಷ್ ಕಷ್ಟ ಅನ್ನುವವರಿಗೆ ಒಂದು ಮಾತು. ನನ್ನದೂ ಕನ್ನಡ ಮಾಧ್ಯಮವೇ. ಹೆಸರುಗಳನ್ನು ಉಚ್ಚರಿಸಲು ಹೋಗಬೇಡಿ, ಮೊದಲಕ್ಷರ ನೆನಪಿಟ್ಟರೆ ಸಾಕು. ಗೊತ್ತಿಲ್ಲದ ಶಬ್ದ ಬಂದರೆ ನಿಘಂಟು ತೆಗೆಯುವ ಮೊದಲು ಅದು ಆ ಲೇಖಕ ಹುಟ್ಟಿಸಿದ ಶಬ್ದ ಅಲ್ವ ಅಂತ ನೋಡಿ, ಎಷ್ಟೋ ಸಲ ಇಂಗ್ಲಿಷಿನವರಿಗೂ ಅದು ಗೊತ್ತಿರುವುದಿಲ್ಲ. ಐವತ್ತು ಪುಟ ಕೊಡಿ. ಅಷ್ಟರಲ್ಲಿ ಹಿಡಿಯದಿದ್ದರೆ ಬಿಡಿ, ಪಾಪ ಎಂತದೂ ಇಲ್ಲ.

ಈ ಮೇಜಿನ ಮೇಲೆ ನನ್ನ ಸ್ವಂತದ ಹನ್ನೊಂದು ಪುಸ್ತಕ ಇಟ್ಟಿದ್ದೇನೆ. ರಿಜಿಸ್ಟರಿನಲ್ಲಿ ಹೆಸರು ಬರೆದು ತೆಗೆದುಕೊಂಡು ಹೋಗಿ, ಓಣಂ ರಜೆ ಮುಗಿಯುವಾಗ ತಂದರೆ ಸಾಕು. ಟೋಲ್ಕಿನ್ ಮೂರನ್ನೂ ರಬ್ಬರ್ ಹಾಕಿ ಕಟ್ಟಿದ್ದೇನೆ, ಒಂದೇ ಒಂದನ್ನು ಬಿಚ್ಚಿ ಒಯ್ಯಲು ಬಿಡುವುದಿಲ್ಲ. ಬಾಗಿಲಲ್ಲಿ ನನ್ನನ್ನು ನಿಲ್ಲಿಸಿದ ಅಣ್ಣನವರೇ, ನೀವು ಕರ್ಣಪರ್ವಕ್ಕೆ ಕೈ ಎತ್ತಿದ್ದನ್ನು ನಾನು ನೋಡಿದ್ದೇನೆ. ಆ ನೀಲಿ ರಟ್ಟಿನದ್ದು ನಿಮಗೆ.